ಹೆಸರು ಕೇಳದೆ ಕೊಂಡ ಚಿತ್ರಗಳು

2011-12ರ ಸಾಲಿನಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನವರೂ ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್‌ನವರೂ ಕೂಡಿ ಕಾಲಿಘಾಟ್ ಚಿತ್ರಗಳ ಒಂದು ಪ್ರದರ್ಶನವನ್ನು ನಮ್ಮ ದೇಶದ ಕೆಲವು ನಗರಗಳಲ್ಲಿ ಏರ್ಪಡಿಸಿದ್ದರು. ಅದು ಮುಂಬಯಿಗೂ ಬಂದಿತ್ತು. ಹಳೆಯ ಮುಂಬಯಿಕರರು ಇಂದಿಗೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂದೇ ಕರೆಯುವ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ನಾನು ಒಂದು ಭಾನುವಾರ ಹೆಂಡತಿ ಮಗಳೊಡನೆ ಹೋದೆ. ನಿಜ ಹೇಳಬೇಕೆಂದರೆ ಕಲೆಯ ಮೇಲಿನ ಪ್ರೀತಿಯಿಂದ ಹೋದದ್ದಲ್ಲ. ಮಗಳಿಗೆ ಶಾಲೆಯಲ್ಲಿ ಯಾವುದಾದರೂ ಮ್ಯೂಸಿಯಂ ನೋಡಿ ಬಂದು ಅರ್ಧ ಪುಟ ಬರೆಯಲು ಹೇಳಿದ್ದರು, ಅಷ್ಟೆ.

ನಾನು ಬಿ.ಎಸ್ಸಿ. ಓದಿದವನು. ಕೇಂದ್ರ ಸರಕಾರದ ಕಛೇರಿಯೊಂದರಲ್ಲಿ ಗುಮಾಸ್ತ. ಚಿತ್ರಕಲೆಯ ಬಗ್ಗೆ ಅಧಿಕಾರದಿಂದ ಮಾತನಾಡುವ ಅರ್ಹತೆ ನನಗಿಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಅಂದು ಅಲ್ಲಿ ಮಗಳು ಕೇಳಿದ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡಿ, ಗ್ರಂಥಾಲಯಗಳಿಗೆ ಅಲೆಸಿ, ಕೊನೆಗೆ ನಮ್ಮೂರಿನ ಹಳೆಯ ಅಂಗಡಿಯ ಲೆಕ್ಕದ ಪುಸ್ತಕದವರೆಗೂ ಕರೆದುಕೊಂಡು ಹೋಯಿತು. ಆ ಸಂಗತಿಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೆಕ್ಕಿನ ಬಾಯಲ್ಲಿ ಸೀಗಡಿ

ಮಗಳು ಮೊದಲು ನಿಂತದ್ದು ಒಂದು ಬೆಕ್ಕಿನ ಚಿತ್ರದ ಮುಂದೆ. ದುಂಡು ಮುಖದ, ದಪ್ಪ ಮೀಸೆಯ ಬೆಕ್ಕು. ಬಾಯಲ್ಲಿ ದೊಡ್ಡದೊಂದು ಸೀಗಡಿ, ಹಣೆಯ ಮೇಲೆ ಅಚ್ಚುಕಟ್ಟಾದ ನಾಮ. ಮಗಳು ಕಿಲಕಿಲನೆ ನಕ್ಕಳು. ನನಗೂ ನಗು ಬಂತು. ಹೊರಗೆ ಸನ್ಯಾಸಿ, ಒಳಗೆ ಬೇಟೆಗಾರ. ನಮ್ಮ ಕಡೆ ಬಕಧ್ಯಾನ ಎನ್ನುತ್ತೇವಲ್ಲ, ಅದನ್ನೇ ಬಂಗಾಳದ ಯಾವನೋ ಚಿತ್ರಗಾರ ನಾಲ್ಕು ಗೆರೆಗಳಲ್ಲಿ ಹೇಳಿದ್ದ.

ಮುಂದಿನ ಚಿತ್ರಗಳೂ ಹಾಗೆಯೇ. ಒಬ್ಬ ಹೆಂಗಸು ಗಂಡನಿಗೆ ಪೊರಕೆಯಿಂದ ಪೂಜೆ ಮಾಡುತ್ತಿದ್ದಾಳೆ. ಇನ್ನೊಬ್ಬಳು ತನ್ನ ಪ್ರಿಯನನ್ನು ಕುರಿಯಾಗಿ ಮಾಡಿ ಹಗ್ಗ ಕಟ್ಟಿ ಎಳೆದೊಯ್ಯುತ್ತಿದ್ದಾಳೆ. ಗುಂಗುರು ಕೂದಲು, ಜರಿಯಂಚಿನ ಧೋತ್ರ, ಬಕಲಿನ ಬೂಟು ತೊಟ್ಟ ಬಾಬುವೊಬ್ಬ ಕುರ್ಚಿಯಲ್ಲಿ ಕುಳಿತು ಹುಕ್ಕಾ ಸೇದುತ್ತಿದ್ದಾನೆ. 'ಬಾಬು' ಎಂಬ ಈ ಶಬ್ದ ಮುಂದೆ ನಮ್ಮಂಥ ಗುಮಾಸ್ತರ ಪಾಲಿಗೆ ಬಂದು ಅಂಟಿಕೊಂಡಿತಾದ್ದರಿಂದ ನಾನು ಆ ಚಿತ್ರದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತೆ. ಇವುಗಳ ನಡುವೆ ಕಾಳಿ, ದುರ್ಗೆ, ಕೃಷ್ಣ, ಹನುಮಂತ ಎಲ್ಲರೂ ಇದ್ದರು.

ಆಗ ಮಗಳು ಕೇಳಿದಳು: "ಅಪ್ಪಾ, ಈ ಬೆಕ್ಕು ಬರೆದವರು ಯಾರು?"

ಚೀಟಿಯ ಮೇಲೆ ನೋಡಿದೆ. ಕಾಲ ಇತ್ತು, ಸ್ಥಳ ಇತ್ತು, ಬರೆದವನ ಹೆಸರಿರಲಿಲ್ಲ. ಪಕ್ಕದ ಚಿತ್ರ ನೋಡಿದೆ, ಅದರ ಪಕ್ಕದ್ದು ನೋಡಿದೆ. ಎಲ್ಲ ಕಡೆಯೂ ಅಷ್ಟೇ. "ಗೊತ್ತಿಲ್ಲಮ್ಮಾ" ಎಂದೆ. "ಯಾರೂ ಕೇಳಲಿಲ್ಲವಾ?" ಎಂದಳು. ಈ ಎರಡನೆಯ ಪ್ರಶ್ನೆಯೇ ನನ್ನನ್ನು ಕಾಡಿದ್ದು.

ದೇವಸ್ಥಾನದ ಬೀದಿಯ ಚಿತ್ರಗಾರರು

ಕೋಲ್ಕತ್ತದ ದಕ್ಷಿಣಕ್ಕೆ, ಆದಿಗಂಗೆ ಎಂಬ ಹಳೆಯ ನೀರಿನ ಹರಿವಿನ ದಂಡೆಯ ಮೇಲೆ ಕಾಳಿಯ ಪ್ರಸಿದ್ಧ ಕ್ಷೇತ್ರವಿದೆ. ಈಗಿರುವ ದೇವಸ್ಥಾನ ಕಟ್ಟಿ ಮುಗಿದದ್ದು 1809ರಲ್ಲಿ. ಅದು ಕಲ್ಕತ್ತ ಬ್ರಿಟಿಷರ ರಾಜಧಾನಿಯಾಗಿದ್ದ ಕಾಲ. ಯಾತ್ರಿಕರು ಹೆಚ್ಚಿದಂತೆ ಗುಡಿಯ ಸುತ್ತ ಅಂಗಡಿಗಳು ಹೆಚ್ಚಿದವು. 1854ರಲ್ಲಿ ಹೌರಾದಿಂದ ರೈಲು ಓಡತೊಡಗಿದ ಮೇಲಂತೂ ಕೇಳುವುದೇ ಬೇಡ.

ಈ ಬೀದಿಗೆ ಹಳ್ಳಿಗಳಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದವರು ಪಟುವಾಗಳು. ಹಳ್ಳಿಯಲ್ಲಿ ಅವರ ಕಸುಬು ಬೇರೆಯಾಗಿತ್ತು. ಉದ್ದನೆಯ ಸುರುಳಿಯ ಮೇಲೆ ಕಥೆಯನ್ನು ಚಿತ್ರಿಸಿ, ಮನೆಮನೆಗೆ ಹೋಗಿ, ಸುರುಳಿ ಬಿಚ್ಚುತ್ತ ಹಾಡಿ, ಅಕ್ಕಿಯನ್ನೋ ಕಾಸನ್ನೋ ಪಡೆಯುತ್ತಿದ್ದರು. ಹಿಂದೂ ದೇವರ ಕಥೆ ಹಾಡುವ ಇವರಲ್ಲಿ ಹಲವರು ಮುಸಲ್ಮಾನರ ಆಚಾರಗಳನ್ನು ನಡೆಸುವವರು. ಎರಡೂ ಸಮಾಜಗಳ ಅಂಚಿನಲ್ಲಿ ಬದುಕಿದ ಜನ. ಪಟ್ಟಣದಲ್ಲಿ ಅವರ ಹಾಡು ಕೇಳುವಷ್ಟು ಪುರುಸೊತ್ತು ಯಾರಿಗಿದೆ? ಯಾತ್ರಿಕನಿಗೆ ಬೇಕಾದದ್ದು ಪ್ರಸಾದದ ಜೊತೆ ಊರಿಗೆ ಒಯ್ಯಬಹುದಾದ ಒಂದು ಅಗ್ಗದ ಪಟ. ಹೀಗಾಗಿ ಸುರುಳಿ ಹೋಗಿ ಒಂಟಿ ಹಾಳೆ ಬಂತು. ನಮ್ಮ ಪೈಕಿ ಬಹಳಷ್ಟು ಮಂದಿ ಊರು ಬಿಟ್ಟು ಬಂದು ಪಟ್ಟಣಕ್ಕೆ ತಕ್ಕ ಹಾಗೆ ಕಸುಬನ್ನು ಬದಲಿಸಿಕೊಂಡವರೇ. ಆದ್ದರಿಂದ ಇದು ನಮಗೆ ಅರ್ಥವಾಗದ ಮಾತಲ್ಲ.

ಅವರ ಕೆಲಸದ ಕ್ರಮ ಬಹು ಸರಳ. ಗಿರಣಿಯ ಅಗ್ಗದ ಕಾಗದ, ಸುಮಾರು ಹದಿನೇಳು ಅಂಗುಲ ಉದ್ದ, ಹನ್ನೊಂದು ಅಂಗುಲ ಅಗಲ. ಅಳಿಲಿನ ಇಲ್ಲವೆ ಮೇಕೆಯ ಕೂದಲಿನ ಕುಂಚ. ಬಣ್ಣಗಳನ್ನು ಮೊದಮೊದಲು ಮನೆಯಲ್ಲೇ ಅರೆದುಕೊಳ್ಳುತ್ತಿದ್ದರು. ದೀಪದ ಮಸಿಯೇ ಕಪ್ಪು. ಬರಬರುತ್ತ ವಿಲಾಯತಿಯಿಂದ ಬಂದ ಅಗ್ಗದ ಬಣ್ಣಗಳನ್ನು ಕೊಳ್ಳತೊಡಗಿದರು. ಕೆಲಸ ಇಡೀ ಕುಟುಂಬದ್ದು. ಒಬ್ಬರು ಗೆರೆ ಎಳೆದರೆ ಇನ್ನೊಬ್ಬರು ಮೈಯ ದುಂಡನೆ ತೋರುವಂತೆ ಅಂಚಿಗೆ ನೆರಳು ಕೊಡುವರು, ಮಗದೊಬ್ಬರು ಬಣ್ಣ ತುಂಬುವರು. ಒಡವೆಗಳಿಗೆ ಕೊನೆಯಲ್ಲಿ ಬೆಳ್ಳಿಯಂತೆ ಹೊಳೆಯುವ ಬಣ್ಣದ ಚುಕ್ಕಿ. ಹಿನ್ನೆಲೆಯಲ್ಲಿ ಏನೂ ಇಲ್ಲ, ಖಾಲಿ ಕಾಗದ. ಹೊತ್ತು ಉಳಿಸುವುದಕ್ಕಾಗಿ ಮಾಡಿದ್ದು ಮುಂದೆ ಅದರ ಚೆಲುವೇ ಆಯಿತು.

ಈ ದುಂಡನೆಯ ನೆರಳನ್ನು ಪಟುವಾಗಳು ಎಲ್ಲಿಂದ ಕಲಿತರೆಂಬ ಬಗ್ಗೆ ಪಂಡಿತರಲ್ಲಿ ಜಗಳವಿದೆ. ಇಂಗ್ಲಿಷರ ಜಲವರ್ಣ ಚಿತ್ರಗಳಿಂದ ಎಂದು ಡಬ್ಲ್ಯೂ. ಜಿ. ಆರ್ಚರ್ ಬರೆದರು. ಮಣ್ಣಿನ ಮೂರ್ತಿಗಳಿಗೆ ಬಣ್ಣ ಹಚ್ಚುವ ದೇಶೀ ಕೈಚಳಕವೇ ಕಾಗದಕ್ಕೆ ಬಂತೆಂದು ಜ್ಯೋತೀಂದ್ರ ಜೈನ್ ಮೊದಲಾದ ನಮ್ಮ ವಿದ್ವಾಂಸರು ವಾದಿಸಿದ್ದಾರೆ. ನನ್ನಂಥ ಸಾಮಾನ್ಯನಿಗೆ ಎರಡನೆಯದೇ ಹತ್ತಿರವಾಗಿ ಕಾಣುತ್ತದೆ.

ಇನ್ನು ಬೆಲೆ. ಒಂದು ಪೈಸೆಯಿಂದ ಒಂದು ಆಣೆಯವರೆಗೆ. ಹಳೆಯ ಲೆಕ್ಕದಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ. ಅಂದರೆ ಒಂದು ರೂಪಾಯಿಗೆ 64 ಚಿತ್ರಗಳು! ಬೆಲೆಯನ್ನು ಬರೆದಿಟ್ಟವರಿದ್ದಾರೆ ಎಂಬುದನ್ನು ವಾಚಕರು ಗಮನದಲ್ಲಿಡಬೇಕು. ಈ ಮಾತಿಗೆ ಮತ್ತೆ ಬರುತ್ತೇನೆ.

ಒಂದು ಕೊಲೆಯ ಮೊಕದ್ದಮೆ

ಪಟುವಾಗಳು ದೇವರನ್ನಷ್ಟೇ ಬರೆದಿದ್ದರೆ ಅವರ ಚಿತ್ರಗಳಿಗೆ ಇಷ್ಟು ವೈಚಿತ್ರ್ಯ ಬರುತ್ತಿರಲಿಲ್ಲ. ಬೀದಿಯಲ್ಲಿ ಜನ ಯಾವುದನ್ನು ಮಾತನಾಡುತ್ತಿದ್ದರೋ ಅದನ್ನು ಮರುವಾರವೇ ಕಾಗದಕ್ಕಿಳಿಸುವುದು ಅವರ ಪದ್ಧತಿ. ಇದಕ್ಕೆ ದೊಡ್ಡ ಉದಾಹರಣೆ 1873ರ ತಾರಕೇಶ್ವರ ಪ್ರಕರಣ.

ನವೀನಚಂದ್ರ ಬ್ಯಾನರ್ಜಿ ಎಂಬವನು ಕಲ್ಕತ್ತದಲ್ಲಿ ಸರಕಾರದ ಮಿಲಿಟರಿ ಮುದ್ರಣಾಲಯದಲ್ಲಿ ನೌಕರ. ಪಟ್ಟಣದಲ್ಲಿ ಸಂಸಾರ ಹೂಡಲಾಗದೆ ಎಳೆಯ ಹೆಂಡತಿ ಏಲೋಕೇಶಿಯನ್ನು ತಾರಕೇಶ್ವರದ ಹತ್ತಿರ ಅವಳ ತಂದೆಯ ಮನೆಯಲ್ಲಿ ಬಿಟ್ಟಿದ್ದ. ಅಲ್ಲಿನ ಶಿವಾಲಯದ ಮಹಂತ ಮಾಧವಚಂದ್ರ ಗಿರಿ ಆಕೆಯನ್ನು ಕೆಡಿಸಿದನೆಂಬ ಸುದ್ದಿ ಊರಿಗೆ ಬಂದ ನವೀನನ ಕಿವಿಗೆ ಬಿತ್ತು. ಹೆಂಡತಿಯನ್ನು ಕಲ್ಕತ್ತಕ್ಕೆ ಕರೆದೊಯ್ಯಲು ನೋಡಿದ. ಮಹಂತನ ಕಡೆಯವರು ದಾರಿ ಬಿಡಲಿಲ್ಲ. 1873ರ ಮೇ 27ರಂದು ಅವನು ಮೀನು ಹೆಚ್ಚುವ ಕತ್ತಿಯಿಂದ ಅವಳ ಕೊರಳನ್ನೇ ಕತ್ತರಿಸಿ, ತಾನಾಗಿ ಪೊಲೀಸರಿಗೆ ಶರಣಾದ.

ಮೊಕದ್ದಮೆಗೆ ಜನ ಎಷ್ಟು ಮುತ್ತಿದರೆಂದರೆ ನ್ಯಾಯಾಲಯದೊಳಗೆ ಬರಲು ಶುಲ್ಕ ಇಡಬೇಕಾಯಿತು. ಜ್ಯೂರಿ ನವೀನನನ್ನು ಬಿಟ್ಟಿತು, ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಒಪ್ಪಿಸಿದರು. ಹೈಕೋರ್ಟು ಅವನಿಗೆ ಜೀವಾವಧಿ ಗಡೀಪಾರನ್ನು ವಿಧಿಸಿತು. ಮಹಂತನಿಗೆ ಮೂರು ವರ್ಷ ಕಠಿಣ ಸಜೆ, 2000 ರೂಪಾಯಿ ದಂಡ. ಜನರ ಅರ್ಜಿಗಳ ಮೇಲೆ ಅರ್ಜಿಗಳು ಹೋಗಿ 1875ರಲ್ಲಿ ನವೀನನ ಬಿಡುಗಡೆಯಾಯಿತು. ಸತ್ತ ಹುಡುಗಿಯ ಪರವಾಗಿ ಅರ್ಜಿ ಹಾಕುವವರು ಯಾರೂ ಇರಲಿಲ್ಲವೆಂಬುದನ್ನೂ ಹೇಳಬೇಕು.

ಕಾಲಿಘಾಟಿನವರು ಈ ಕಥೆಯನ್ನು ಕಂತುಕಂತಾಗಿ ಬರೆದರು. ಏಲೋಕೇಶಿ ಮಹಂತನ ಮುಂದೆ, ನವೀನ ಕತ್ತಿ ಎತ್ತಿದ್ದು, ನ್ಯಾಯಾಲಯ, ಕೊನೆಗೆ ಸೆರೆಮನೆಯಲ್ಲಿ ಮಹಂತ ಗಾಣ ತಿರುಗಿಸುವುದು. ಪತ್ರಿಕೆ ಓದಲು ಬಾರದವನೂ ಒಂದೆರಡು ಪೈಸೆಗೆ ಇಡೀ ಮೊಕದ್ದಮೆಯನ್ನು ಗೋಡೆಗೆ ಅಂಟಿಸಿಕೊಳ್ಳಬಹುದಾಗಿತ್ತು. ಧನವಂತನಾದ ಮಹಂತನನ್ನು ಗಾಣಕ್ಕೆ ಕಟ್ಟಿ ತೋರಿಸುವ ಧೈರ್ಯ ಯಾರ ಪೋಷಣೆಯಲ್ಲೂ ಇರದ ಆ ಬೀದಿಯ ಚಿತ್ರಗಾರನಿಗಿತ್ತು. ಆಸ್ಥಾನದ ಚಿತ್ರಗಾರನಾಗಿದ್ದರೆ ಇದು ಸಾಧ್ಯವಿತ್ತೇ?

ಉಳಿಸಿದವರು ಯಾರು?

ಕಾಲಿಘಾಟಿನ ಚಿತ್ರಗಳನ್ನು ಕೊಂದದ್ದು ಅಚ್ಚಿನ ಚಿತ್ರ. ಜರ್ಮನಿಯಿಂದ ಹೊಳಪಿನ ಬಣ್ಣದ ದೇವರ ಪಟಗಳು ಬಂದವು. 1878ರಲ್ಲಿ ಕಲ್ಕತ್ತ ಆರ್ಟ್ ಸ್ಟುಡಿಯೋ ಶುರುವಾಯಿತು. 1894ರಲ್ಲಿ ನಮ್ಮ ಮುಂಬಯಿಯಲ್ಲೇ ರಾಜಾ ರವಿವರ್ಮರು ಅಚ್ಚುಕೂಟ ತೆರೆದರು. ಮುಂದೆ ಅದು ಲೋಣಾವಳಾ ಬಳಿಯ ಮಳವಲಿಗೆ ಹೋಯಿತು. ನಮ್ಮ ಅಜ್ಜಿಯಂದಿರ ದೇವರ ಕೋಣೆಗಳಲ್ಲಿದ್ದ ಲಕ್ಷ್ಮಿ ಸರಸ್ವತಿಯರು ಆ ವಂಶದವರೇ. ಕೈಯಿಂದ ಬರೆಯುವವನು ಯಂತ್ರದ ಜೊತೆ ಎಷ್ಟು ದಿನ ಓಡಿಯಾನು? 1930ರ ಸುಮಾರಿಗೆ ಕಾಲಿಘಾಟಿನಲ್ಲಿ ಈ ಕಸುಬು ಮುಗಿದುಹೋಯಿತು.

ಮಾಡಿದ ಚಿತ್ರಗಳಲ್ಲಿ ಬಹುಪಾಲು ನಾಶವಾದವು. ಅದಕ್ಕೆ ಒಂದು ಕಾರಣ ರಸಾಯನಶಾಸ್ತ್ರದ್ದು. ಗಿರಣಿಯ ಅಗ್ಗದ ಕಾಗದದಲ್ಲಿ ಶಾಯಿ ಹರಡದಿರಲೆಂದು ರಾಳವನ್ನೂ ಪಟಿಕವನ್ನೂ ಸೇರಿಸುತ್ತಿದ್ದರು. ಪಟಿಕ ಗಾಳಿಯ ತೇವದೊಡನೆ ಕೂಡಿ ನಿಧಾನವಾಗಿ ಆಮ್ಲವಾಗುತ್ತದೆ. ಆ ಆಮ್ಲ ಕಾಗದದ ನಾರನ್ನು ತುಂಡರಿಸುತ್ತದೆ. ಹಾಳೆ ಮೊದಲು ಹಳದಿಯಾಗಿ, ಆಮೇಲೆ ಹಪ್ಪಳದಂತೆ ಮುರಿಯುತ್ತದೆ. ಬಂಗಾಳದ ಮಳೆಗಾಲ, ಅಡಿಗೆಮನೆಯ ಹೊಗೆ, ಗೆದ್ದಲು ಇವೆಲ್ಲ ಸೇರಿದರೆ ಗೋಡೆಗೆ ಅಂಟಿಸಿದ ಪಟ ಎಷ್ಟು ಕಾಲ ಬಾಳೀತು? ಇನ್ನೊಂದು ಕಾರಣ ನಮ್ಮದೇ. ಪೈಸೆಯ ಪಟವನ್ನು ಕಾಪಾಡಬೇಕೆಂದು ಕೊಂಡವರಿಗೆ ಅನಿಸಲಿಲ್ಲ.

ಹಾಗಾದರೆ ಉಳಿದವು ಎಲ್ಲಿ ಉಳಿದವು? ಜಾನ್ ಲಾಕ್‌ವುಡ್ ಕಿಪ್ಲಿಂಗ್ ಎಂಬ ಇಂಗ್ಲಿಷರು 1865ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅಧ್ಯಾಪಕರಾಗಿ ಬಂದವರು. ಕ್ರಾಫರ್ಡ್ ಮಾರ್ಕೆಟ್ಟಿನ ಬಾಗಿಲ ಮೇಲಿನ ಉಬ್ಬು ಶಿಲ್ಪಗಳು ಅವರವೇ. ತರಕಾರಿ ಕೊಳ್ಳಲು ಹೋದಾಗ ವಾಚಕರು ಒಮ್ಮೆ ತಲೆ ಎತ್ತಿ ನೋಡಬಹುದು. ಅವರು ಸಂಗ್ರಹಿಸಿದ 233 ಕಾಲಿಘಾಟ್ ಚಿತ್ರಗಳನ್ನು ಅವರ ಮಗ, ಪ್ರಸಿದ್ಧ ಲೇಖಕ ರಡ್ಯಾರ್ಡ್ ಕಿಪ್ಲಿಂಗ್ 1917ರಲ್ಲಿ ಲಂಡನ್ನಿನ ಮ್ಯೂಸಿಯಂಗೆ ಕೊಟ್ಟರು. ಅಲ್ಲಿ ಈಗ ಆರುನೂರಕ್ಕೂ ಹೆಚ್ಚು ಚಿತ್ರಗಳಿವೆ. ಆರ್ಚರ್ ಸಾಹೇಬರು ಬಿಹಾರದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದು, ಮುಂದೆ ಅದೇ ಮ್ಯೂಸಿಯಂನ ಭಾರತೀಯ ವಿಭಾಗವನ್ನು ನೋಡಿಕೊಂಡು, 1953ರಲ್ಲೂ 1971ರಲ್ಲೂ ಈ ಚಿತ್ರಗಳ ಮೇಲೆ ಪುಸ್ತಕ ಬರೆದರು. ಚೆಕ್ ದೇಶದ ಪ್ರಾಗ್ ನಗರದ ನಾಪ್ರ್‌ಸ್ಟೆಕ್ ಮ್ಯೂಸಿಯಂನಲ್ಲಿಯೂ ಒಂದು ಸಂಗ್ರಹವಿದೆ.

ನಮ್ಮವರು ಯಾರೂ ಇರಲಿಲ್ಲವೆಂದಲ್ಲ. ಅಜಿತ್ ಘೋಷ್ 1926ರಲ್ಲಿ 'ರೂಪಮ್' ಪತ್ರಿಕೆಯಲ್ಲಿ ಬರೆದರು. ಕಲ್ಕತ್ತದ ಸರಕಾರಿ ಕಲಾಶಾಲೆಯ ಪ್ರಿನ್ಸಿಪಾಲರಾಗಿದ್ದ ಮುಕುಲ್ ಡೇ 1932ರಲ್ಲಿ ಬರೆದರು. ಚಿತ್ರಕಾರ ಜಾಮಿನಿ ರಾಯ್ ವಿಲಾಯತಿ ಶೈಲಿಯನ್ನು ಬಿಟ್ಟು ಈ ಗೆರೆಗಳಿಂದಲೇ ತಮ್ಮ ದಾರಿ ಕಂಡುಕೊಂಡರು. ನನಗೆ ಎಲ್ಲರಿಗಿಂತ ಮೆಚ್ಚಿಕೆಯಾದವರು ಗುರುಸದಯ ದತ್ತರು. ಅವರೂ ಸರಕಾರಿ ನೌಕರರೇ, ಐ.ಸಿ.ಎಸ್. ಜಿಲ್ಲೆಗಳಿಗೆ ತಿರುಗಾಟ ಹೋದಾಗ ಹಳ್ಳಿಯ ಪಟಗಳನ್ನು, ಹಳೆಯ ಸೀರೆಯ ಮೇಲೆ ಹೆಂಗಸರು ಹೊಲಿದ ಕಾಂಥಾಗಳನ್ನು, ಗೊಂಬೆಗಳನ್ನು ಕೂಡಿಹಾಕಿದರು. 1932ರಲ್ಲಿ ಕಲ್ಕತ್ತದಲ್ಲಿ ಪ್ರದರ್ಶನ ಮಾಡಿದರು. ಪಟುವಾಗಳ ಹಾಡುಗಳನ್ನು ಬರೆದುಕೊಂಡು 1939ರಲ್ಲಿ ಪುಸ್ತಕ ಮಾಡಿದರು. ಅವರು 1941ರಲ್ಲಿ ತೀರಿಕೊಂಡರು. ಕೋಲ್ಕತ್ತದ ಹೊರವಲಯದ ಜೋಕಾದಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ 1963ರಲ್ಲಿ ತೆರೆಯಿತು.

ಇಷ್ಟೆಲ್ಲ ಆದರೂ, ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಈ ಕಸುಬಿನಲ್ಲಿ ನಮಗೆ ದಕ್ಕಿದ ಚಿತ್ರಗಾರರ ಹೆಸರುಗಳು ಬೆರಳೆಣಿಕೆಯಷ್ಟು: ನೀಲಮಣಿ ದಾಸ್, ಬಲರಾಮ ದಾಸ್, ಗೋಪಾಲ ದಾಸ್, ನಿವಾರಣಚಂದ್ರ ಘೋಷ್, ಕಾಲಿಚರಣ ಘೋಷ್. ಅದೂ ಕಸುಬು ಮುಗಿಯುವ ಹೊತ್ತಿಗೆ ಯಾರೋ ಹೋಗಿ ಕೇಳಿದ್ದರಿಂದ. ಸೀಗಡಿ ಕಚ್ಚಿದ ಬೆಕ್ಕನ್ನು ಮೊದಲು ಬರೆದವರು ಯಾರೋ ಗೊತ್ತಿಲ್ಲ. ಬೆಲೆ ಒಂದು ಪೈಸೆ ಎಂಬುದು ಗೊತ್ತು.

ಬೇಲೂರಿನ ದಾಸೋಜ

ಹಿಂದಿನ ಕಾಲದಲ್ಲಿ ಕಲಾವಿದರು ಹೆಸರಿಗೆ ಆಸೆಪಡುತ್ತಿರಲಿಲ್ಲ, ಎಲ್ಲವನ್ನೂ ದೇವರಿಗೆ ಅರ್ಪಿಸುತ್ತಿದ್ದರು ಎಂದು ನಾವು ಭಾಷಣಗಳಲ್ಲಿ ಕೇಳುತ್ತೇವೆ. ನಾನೂ ಹಾಗೆಯೇ ನಂಬಿದ್ದೆ. ಆದರೆ ಕನ್ನಡಿಗರಾದ ನಾವು ಈ ಮಾತನ್ನು ಸುಲಭವಾಗಿ ಒಪ್ಪುವಂತಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠಗಳನ್ನು ನೋಡಿ. ಬಳ್ಳಿಗಾವೆಯಿಂದ ಬಂದ ದಾಸೋಜ ಅಲ್ಲಿ ತನ್ನ ಹೆಸರು ಕೆತ್ತಿದ್ದಾನೆ, ಅವನ ಮಗ ಚಾವಣನೂ ಕೆತ್ತಿದ್ದಾನೆ. ಸೋಮನಾಥಪುರದಲ್ಲಿ ರೂವಾರಿ ಮಲ್ಲಿತಮ್ಮ ಹಲವು ಮೂರ್ತಿಗಳ ಕೆಳಗೆ ತನ್ನ ಹೆಸರು ಹಾಕಿದ್ದಾನೆ. ಒಂಬೈನೂರು ವರ್ಷಗಳ ಹಿಂದಿನ ಬಳ್ಳಿಗಾವೆಯ ಕಲ್ಲುಕುಟಿಗನ ಹೆಸರು, ಊರು, ಮಗನ ಹೆಸರು ನಮಗೆ ಗೊತ್ತು. ನೂರೈವತ್ತು ವರ್ಷಗಳ ಹಿಂದಿನ, ರೈಲು ಮತ್ತು ಪತ್ರಿಕೆಗಳಿದ್ದ ಮಹಾನಗರದ ಚಿತ್ರಗಾರನದು ಗೊತ್ತಿಲ್ಲ.

ಕಾರಣ ಕಾಲವಲ್ಲ, ದೂರವೂ ಅಲ್ಲ. ಶಿಲ್ಪಿಗೆ ಹೆಸರು ಕೆತ್ತಲು ಎಡೆ ಕೊಟ್ಟವರು ಅಲ್ಲಿ ಇದ್ದರು. ಇಲ್ಲಿ ಕೊಳ್ಳುವವನು ಕೇಳಲಿಲ್ಲ, ಮಾರುವವನು ಹೇಳಲಿಲ್ಲ.

ಕೇಳಿದರೆ ಏನಾಗುತ್ತದೆಂಬುದಕ್ಕೂ ಹತ್ತಿರದ ಸಾಕ್ಷಿಯಿದೆ. 1966ರ ಸುಮಾರಿಗೆ ಬಿಹಾರದಲ್ಲಿ ಬರ ಬಿದ್ದಾಗ ಅಖಿಲ ಭಾರತ ಕರಕುಶಲ ಮಂಡಳಿಯ ಪರವಾಗಿ ಮುಂಬಯಿಯ ಚಿತ್ರಕಾರ ಭಾಸ್ಕರ ಕುಲಕರ್ಣಿಯವರು ಮಧುಬನಿಗೆ ಹೋದರು. ಗೋಡೆಗಳ ಮೇಲೆ ಬರೆಯುತ್ತಿದ್ದ ಹೆಂಗಸರಿಗೆ ಕಾಗದ ಕೊಟ್ಟು ಬರೆಸಿದರು. ಅವರಲ್ಲಿ ಜಗದಂಬಾ ದೇವಿ 1975ರಲ್ಲಿ ಪದ್ಮಶ್ರೀ ಪಡೆದರು. ಇದೇ ಕುಲಕರ್ಣಿಯವರು ಎಪ್ಪತ್ತರ ದಶಕದಲ್ಲಿ ನಮ್ಮ ಮುಂಬಯಿಗೆ ಸಮೀಪದ ಡಹಾಣು ಕಡೆಯ ವಾರ್ಲಿ ಹಾಡಿಗಳಿಗೂ ಹೋದರು. ಅಲ್ಲಿ ಮದುವೆಯ ಗೋಡೆಗೆ ಅಕ್ಕಿಹಿಟ್ಟಿನಿಂದ ಬರೆಯುವುದು ಹೆಂಗಸರ ಕೆಲಸವಾಗಿತ್ತು. ಅದನ್ನು ದಿನವೂ ಬರೆಯತೊಡಗಿದ ಒಬ್ಬ ಗಂಡಸು ಜಿವ್ಯಾ ಸೋಮಾ ಮಶೆ. 2011ರಲ್ಲಿ ಪದ್ಮಶ್ರೀ ಪಡೆದು 2018ರಲ್ಲಿ ತೀರಿಕೊಂಡ ಆ ಹಿರಿಯರ ಹೆಸರು ಇಂದು ಹೊರದೇಶಗಳಲ್ಲೂ ಗೊತ್ತಿದೆ. ಕಾಲಿಘಾಟಿನವರಿಗಿಂತ ಇವರು ಭಾಗ್ಯವಂತರಾದದ್ದು ಒಂದೇ ಕಾರಣಕ್ಕೆ. ಹೋದವರು ಚಿತ್ರದ ಜೊತೆ ಬರೆದವರ ಹೆಸರನ್ನೂ ತಂದರು.

ನಮ್ಮ ಅಜ್ಜನ ಅಂಗಡಿಯ ಬೋರ್ಡು

ಇಷ್ಟನ್ನು ಓದಿಕೊಂಡ ಮೇಲೆ ಒಮ್ಮೆ ರಜೆಯಲ್ಲಿ ಗದಗಕ್ಕೆ ಹೋದಾಗ ಅಪ್ಪನ ಮುಂದೆ ದೊಡ್ಡದಾಗಿ ಹೇಳತೊಡಗಿದೆ. ಬಂಗಾಳಿಗಳು ಹೆಸರು ಕೇಳಲಿಲ್ಲ, ಇಂಗ್ಲಿಷರು ಚಿತ್ರ ಒಯ್ದರು, ಹೀಗೆಲ್ಲ. ಮಾತಿನ ಮಧ್ಯೆ ನನಗೆ ತಟ್ಟನೆ ನೆನಪಾದದ್ದು ನಮ್ಮ ಅಜ್ಜನ ಕಿರಾಣಿ ಅಂಗಡಿಯ ತಗಡಿನ ಬೋರ್ಡು.

ನಗದು ಮಾರಿದವನು, ಉದ್ರಿ ಮಾರಿದವನು ಎಂಬ ಜೋಡಿ ಚಿತ್ರವನ್ನು ವಾಚಕರು ಎಷ್ಟೋ ಅಂಗಡಿಗಳಲ್ಲಿ ನೋಡಿರಬಹುದು. ಒಂದು ಕಡೆ ನಾಣ್ಯಗಳ ರಾಶಿಯ ಪಕ್ಕ ನಗುವ ದಪ್ಪ ಸೇಠ, ಇನ್ನೊಂದು ಕಡೆ ಇಲಿ ಓಡಾಡುವ ಖಾಲಿ ತಿಜೋರಿಯ ಮುಂದೆ ತಲೆಗೆ ಕೈ ಹೊತ್ತ ಬಡಕಲ. ಪೇಟೆಯಲ್ಲಿ ಅಚ್ಚಿನ ಪಟ ಸಿಗುತ್ತಿತ್ತು. ಅಜ್ಜ ಮಾತ್ರ ಅದನ್ನು ಊರಿನ ಪೇಂಟರನ ಕೈಯಿಂದ ಬರೆಯಿಸಿದ. ಪೇಂಟರ್ ಬರೆದುಕೊಟ್ಟದ್ದನ್ನು ನೋಡಿ ಬಜಾರವೆಲ್ಲ ನಕ್ಕಿತಂತೆ. ದಪ್ಪ ಸೇಠನಿಗೂ ಅಜ್ಜನ ಮುಖ, ಬಡಕಲನಿಗೂ ಅಜ್ಜನದೇ ಮುಖ! ಅದೇ ರುಮಾಲು, ಅದೇ ಕನ್ನಡಕ. ಉದ್ರಿ ಕೊಡುವುದಿಲ್ಲವೆಂದು ಬಾಯಲ್ಲಿ ಹೇಳುತ್ತ, ಸಂಜೆಯಾಗುವಷ್ಟರಲ್ಲಿ ಎಲ್ಲರಿಗೂ ಉದ್ರಿ ಕೊಡುತ್ತಿದ್ದ ಅಜ್ಜನ ಸ್ವಭಾವವನ್ನು ಅವನು ಬಲ್ಲವನಾಗಿದ್ದ. ಅಜ್ಜ ಸಿಟ್ಟಾಗಲಿಲ್ಲ, ಬೋರ್ಡನ್ನು ಗಲ್ಲಾಪೆಟ್ಟಿಗೆಯ ಮೇಲೇ ತೂಗುಹಾಕಿದ. ನಾನು ಚಿಕ್ಕವನಿದ್ದಾಗ ಅದನ್ನು ನೋಡಿ ನಕ್ಕದ್ದು ಚೆನ್ನಾಗಿ ನೆನಪಿದೆ.

"ಅಪ್ಪಾ, ಆ ಬೋರ್ಡ್ ಎಲ್ಲೈತಿ?" ಎಂದೆ.

"ಅಂಗಡಿ ಮುಚ್ಚಿದ ಮ್ಯಾಲ ದನದ ಕೊಟ್ಟಿಗಿ ಮ್ಯಾಲ ಹೊಚ್ಚಿದ್ವಿ. ತುಕ್ಕ ಹಿಡದು ಹೋತು."

"ಅದನ್ನ ಬರದ ಪೇಂಟರ್ ಹೆಸರ ಏನಿತ್ರಿ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೆಸರ ಯಾರ ಕೇಳ್ತಿದ್ರೋ ಆಗ! ಎಲ್ಲಾರೂ ಪೇಂಟರ್, ಪೇಂಟರ್ ಅಂತಿದ್ವಿ. ಚಹಾ ಕುಡಿಯಾಕ ದಿನಾ ನಮ್ಮ ಅಂಗಡಿ ಕಟ್ಟಿಗೇ ಬರ್ತಿದ್ದ."

ಅಟ್ಟದ ಮೇಲೆ ಅಜ್ಜನ ಕಿರ್ದಿ ಪುಸ್ತಕಗಳು ಇನ್ನೂ ಇದ್ದವು. ಕೆಂಪು ಬಟ್ಟೆಯ ರಟ್ಟಿನ, ಉದ್ದನೆಯ ಪುಸ್ತಕಗಳು. ಎರಡು ದಿನ ಧೂಳು ಕುಡಿದು ಹುಡುಕಿದೆ. 1968ರ ಪುಸ್ತಕದಲ್ಲಿ ಅಜ್ಜನ ದುಂಡು ಅಕ್ಷರದಲ್ಲಿ ಒಂದು ಸಾಲು ಸಿಕ್ಕಿತು: ಬೋರ್ಡ್ ಬರೆದ ಬಾಬ್ತು ಪೇಂಟರನಿಗೆ ರೂ. 12. ಅಷ್ಟೇ. ಒಂದು ಸೇರು ಬೆಲ್ಲ ಒಯ್ದವನ ಹೆಸರನ್ನೂ ಅಡ್ಡಹೆಸರನ್ನೂ ಅವನ ಊರನ್ನೂ ಬರೆದಿಟ್ಟಿದ್ದ ಅಜ್ಜ, ತನ್ನ ಮುಖವನ್ನೇ ಬರೆದವನ ಹೆಸರು ಬರೆದಿರಲಿಲ್ಲ. ಬೆಲ್ಲದವನಿಂದ ಹಣ ಬರಬೇಕಾಗಿತ್ತು, ಪೇಂಟರನ ಲೆಕ್ಕ ಮುಗಿದಿತ್ತು. ಬಂಗಾಳಿಗಳನ್ನೂ ಇಂಗ್ಲಿಷರನ್ನೂ ದೂರುವ ಉತ್ಸಾಹ ಅಂದಿಗೆ ನನ್ನಲ್ಲಿ ಇಳಿಯಿತು.

ನನ್ನ ರಿಜಿಸ್ಟರು

ಮುಂಬಯಿಗೆ ಮರಳಿದ ಮೇಲೆ ಒಂದು ರೂಲು ಹಾಕಿದ ಪುಸ್ತಕ ತಂದು, ಕಛೇರಿಯ ಡೆಡ್ ಸ್ಟಾಕ್ ರಿಜಿಸ್ಟರಿನ ಹಾಗೆ ಅಂಕಣಗಳನ್ನು ಎಳೆದೆ. ಕ್ರಮಸಂಖ್ಯೆ, ತಾರೀಖು, ವಸ್ತು, ಮಾಡಿದವರ ಹೆಸರು, ಊರು, ಯಾರಿಂದ ಕಲಿತರು, ಕೊಟ್ಟ ಬೆಲೆ. ನನ್ನ ಸಂಬಳದಲ್ಲಿ ದೊಡ್ಡ ಸಂಗ್ರಹ ಮಾಡುವಂತಿಲ್ಲ, ಎರಡು ಕೋಣೆಯ ಮನೆಯಲ್ಲಿ ಜಾಗವೂ ಇಲ್ಲ. ವರ್ಷಕ್ಕೆ ಎರಡೋ ಮೂರೋ. ಕೊಪ್ಪಳದ ಹತ್ತಿರದ ಕಿನ್ನಾಳದಿಂದ ತಂದ ಒಂದು ಮರದ ಗೊಂಬೆ, ಡಹಾಣು ಕಡೆಯ ಒಂದು ವಾರ್ಲಿ ಹಾಳೆ, ಸಾಗರದ ಬಸ್ ನಿಲ್ದಾಣದ ಹತ್ತಿರ ಒಬ್ಬಾಕೆ ಮಾರುತ್ತಿದ್ದ ಚಿತ್ತಾರದ ಬುಟ್ಟಿ. ನಮ್ಮ ರೈಲ್ವೆ ನಿಲ್ದಾಣದ ಹೊರಗೆ ರಿಕ್ಷಾಗಳ ಹಿಂಭಾಗಕ್ಕೆ ಹುಲಿ, ಹದ್ದು, ನಟನಟಿಯರನ್ನು ಬರೆಯುವ ಹುಡುಗ ನನಗಾಗಿ ಸಣ್ಣ ತಗಡಿನ ಮೇಲೆ ಒಂದು ಹುಲಿ ಬರೆದುಕೊಟ್ಟ. ಆ ಹುಲಿ ಬೆಳಗಿನ ಲೋಕಲ್ ತಪ್ಪಿಸಿಕೊಂಡ ಪ್ರಯಾಣಿಕನ ಮುಖ ಮಾಡಿದೆ. ಹಿಂದೆ ಹೆಸರು ಬರೆ ಎಂದಾಗ ಅವನು ನಾಚಿ, ಆಮೇಲೆ ತನ್ನ ಹೆಸರನ್ನು ಮೂರು ಬಣ್ಣಗಳಲ್ಲಿ ಬರೆದ.

ಕಛೇರಿಯ ಕೆಲಸದ ಮೇಲೆ ಕೋಲ್ಕತ್ತಕ್ಕೆ ಹೋದಾಗ ಪಶ್ಚಿಮ ಮೇದಿನೀಪುರದ ನಯಾ ಎಂಬ ಹಳ್ಳಿಗೂ ಹೋಗಿ ಬಂದೆ. ಅಲ್ಲಿ ಪಟುವಾ ಕುಟುಂಬಗಳು ಇಂದಿಗೂ ಸುರುಳಿ ಬರೆದು ಹಾಡುತ್ತವೆ. ಚಿತ್ರಕಾರ್ ಎಂಬುದೇ ಅವರ ಅಡ್ಡಹೆಸರು. ಒಬ್ಬಾಕೆ ನನ್ನ ಮುಂದೆ ಸುರುಳಿ ಬಿಚ್ಚಿ ಹಾಡಿದಳು. ಭ್ರೂಣಹತ್ಯೆ, ಮರ ಕಡಿಯುವುದು, ಸುನಾಮಿ ಎಲ್ಲವೂ ಅವರ ಪಟಗಳಲ್ಲಿ ಬಂದಿವೆ. ನಾನು ಕೊಂಡದ್ದು ಸೀಗಡಿ ಕಚ್ಚಿದ ಬೆಕ್ಕಿನ ಒಂದು ಹೊಸ ಹಾಳೆ. ನಾನು ಕೇಳುವ ಮೊದಲೇ ಆಕೆ ಮೂಲೆಯಲ್ಲಿ ತನ್ನ ಹೆಸರು ಬರೆದಿದ್ದಳು. ಅದನ್ನು ಮಗಳಿಗೆ ಕೊಟ್ಟೆ. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ, ಹಾಳೆ ಅವಳ ಮೇಜಿನ ಮೇಲಿದೆ.

ಆಸಕ್ತರಿಗಾಗಿ, ವಿಜ್ಞಾನ ಓದಿದವನಾಗಿ ಎರಡು ಮಾತು. ಕಾಗದದ ಚಿತ್ರವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಮಾಡಿಸಿದರೆ ಮತ್ತೆ ಬಿಡಿಸಲಾಗದು. ಸೆಲ್ಲೋಟೇಪು ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗುತ್ತದೆ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಚೌಕಟ್ಟು ಹಾಕಿಸಿದರೆ ಗಾಜು ಚಿತ್ರಕ್ಕೆ ತಗಲದಂತೆ ನಡುವೆ ರಟ್ಟಿನ ಅಂಚು ಇರಲಿ, ಇಲ್ಲವಾದರೆ ನಮ್ಮ ಮುಂಬಯಿಯ ಮಳೆಗಾಲದಲ್ಲಿ ಬಣ್ಣ ಗಾಜಿಗೆ ಅಂಟುತ್ತದೆ. ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ, ಪೆನ್ನಿನ ಶಾಯಿ ಮುಂಬದಿಗೆ ಇಳಿದೀತು.

ಇನ್ನೊಂದು ಮಾತು ಸಂಘದ ಸದಸ್ಯರಿಗೆ. ಬೇಸಿಗೆ ರಜೆಯಲ್ಲಿ ನಾವೆಲ್ಲ ಊರಿಗೆ ಹೋಗುತ್ತೇವೆ. ಹಪ್ಪಳ, ಸಂಡಿಗೆ, ಚಟ್ನಿಪುಡಿ ತರುತ್ತೇವೆ. ಜಾತ್ರೆಯಲ್ಲಿ ತಗಡಿನ ಮೇಲೆ, ಮರದ ಮೇಲೆ, ಗೋಡೆಯ ಮೇಲೆ ತನ್ನದೇ ಚಾತುರ್ಯದಲ್ಲಿ ಬರೆಯುವವರು, ಕೆತ್ತುವವರು ಪ್ರತಿಯೊಂದು ಊರಿನಲ್ಲೂ ಒಬ್ಬರಾದರೂ ಇದ್ದಾರೆ. ಫ್ಲೆಕ್ಸ್ ಬಂದ ಮೇಲೆ ಪೇಂಟರುಗಳಿಗೆ ಕೆಲಸ ತಪ್ಪಿತು. ಅಚ್ಚಿನ ಪಟ ಬಂದಾಗ ಕಾಲಿಘಾಟಿಗೆ ಆದದ್ದೇ ಇದು. ಮುಂದಿನ ಸಲ ಹೋದಾಗ ಚೌಕಾಶಿ ಸ್ವಲ್ಪ ಕಡಿಮೆ ಮಾಡಿ ಒಂದನ್ನು ಕೊಳ್ಳಿ. ಕೊಳ್ಳಲಾಗದಿದ್ದರೂ ಚಿಂತೆಯಿಲ್ಲ, ಹೆಸರು ಕೇಳಿ ಬರೆದುಕೊಂಡು ಬನ್ನಿ. ಅಂಥ ಹೆಸರುಗಳ ಒಂದು ರಿಜಿಸ್ಟರನ್ನು ಸಂಘದ ಗ್ರಂಥಾಲಯದಲ್ಲಿ ಇಡುವುದಾದರೆ ನಾನು ಬರೆದಿಡಲು ಸಿದ್ಧ. ಬರೆದಿಡುವುದೇ ಅಲ್ಲವೆ ನನ್ನ ಉದ್ಯೋಗ?

ನನ್ನ ರಿಜಿಸ್ಟರಿನ ಮೊದಲನೆಯ ಸಾಲಿನಲ್ಲಿ ಹೀಗಿದೆ: ಕ್ರಮಸಂಖ್ಯೆ 1. ವರ್ಷ 1968. ವಸ್ತು, ತಗಡಿನ ಮೇಲಿನ ಜೋಡಿ ಚಿತ್ರ, ಈಗ ಇಲ್ಲ. ಊರು ಗದಗ. ಬೆಲೆ ರೂ. 12. ಹೆಸರಿನ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ. ಗದಗ ಬೆಟಗೇರಿ ಕಡೆಯ ಹಿರಿಯ ಓದುಗರು ಈ ಪತ್ರಿಕೆಗೆ ಹಲವರಿದ್ದಾರೆ. ಅರವತ್ತು ಎಪ್ಪತ್ತರ ದಶಕಗಳಲ್ಲಿ ಬಜಾರದಲ್ಲಿ ಬೋರ್ಡು ಬರೆಯುತ್ತಿದ್ದ, ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ಆ ಪೇಂಟರನ ಹೆಸರು ಯಾರಿಗಾದರೂ ನೆನಪಿದ್ದರೆ ದಯವಿಟ್ಟು ಸಂಘದ ಕಛೇರಿಗೆ ಒಂದು ಕಾರ್ಡು ಬರೆದು ತಿಳಿಸಬೇಕಾಗಿ ಪ್ರಾರ್ಥನೆ.